ಕಂಪನಿ ಕಂಪನಿ ಕೂಡಿದರೆ ನಮ್ಮ ನಂಬರಿನ ಗತಿ ಏನು?

ಓದುಗರ ಪ್ರಶ್ನೆ, ಬಲ್ಲವರ ಉತ್ತರ. ಈ ಸಲ ಮೊಬೈಲ್ ಕಂಪನಿಗಳ ವಿಲೀನದ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಆಯ್ದವು.

ಪ್ರಶ್ನೆ: ನನ್ನ ಸಿಮ್ ಕಂಪನಿ ಇನ್ನೊಂದು ಕಂಪನಿಯಲ್ಲಿ ಸೇರುತ್ತದೆ ಎಂದು ವಾಟ್ಸಾಪಿನಲ್ಲಿ ಸುದ್ದಿ ಓಡಾಡುತ್ತಿದೆ. ರೀಚಾರ್ಜ್ ಅಂಗಡಿಯವರು "ಇವತ್ತೇ ಪೋರ್ಟ್ ಮಾಡಿಸಿಬಿಡ್ರಿ, ಆಮೇಲೆ ನಂಬರ್ ಹೋಗತೈತಿ" ಅನ್ನುತ್ತಾರೆ. ಹದಿನೈದು ವರ್ಷದ ನಂಬರು. ಏನು ಮಾಡಲಿ? (ಸಿಂಧನೂರು)

ಇವತ್ತೇ ಏನೂ ಮಾಡಬೇಡಿ. ಪೋರ್ಟ್ (ಅದೇ ನಂಬರು ಉಳಿಸಿಕೊಂಡು ಬೇರೆ ಕಂಪನಿಗೆ ಹೋಗುವುದು) ಒಂದಕ್ಕೆ ಇಷ್ಟು ಅಂತ ಅಂಗಡಿಯವರಿಗೆ ಕಮಿಷನ್ ಬರುತ್ತದೆ ಎನ್ನುವುದನ್ನು ಮಾತ್ರ ನೆನಪಿಡಿ.

"ಕಂಪನಿ ಹೋಯ್ತು" ಎಂದು ಜನ ಒಂದೇ ಮಾತಿನಲ್ಲಿ ಹೇಳುವುದರಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಮೊದಲನೆಯದು ವಿಲೀನ. ಗಿರಾಕಿ, ನಂಬರು, ಸಾಲ, ಠೇವಣಿ ಎಲ್ಲವೂ ಹೊಸ ಕಂಪನಿಯ ಹೆಸರಿಗೆ ಹೋಗುತ್ತವೆ. ಇದಕ್ಕೆ ಕಂಪನಿ ಕಾಯ್ದೆ ನ್ಯಾಯಮಂಡಳಿ ಮತ್ತು ಕೇಂದ್ರದ ದೂರಸಂಪರ್ಕ ಇಲಾಖೆಯ ಒಪ್ಪಿಗೆ ಬೇಕು. ವೊಡಾಫೋನ್ ಮತ್ತು ಐಡಿಯಾ ಸೇರುತ್ತೇವೆ ಎಂದು ಹೇಳಿದ್ದು 2017ರ ಮಾರ್ಚಿನಲ್ಲಿ, ಸೇರಿ ಮುಗಿದದ್ದು 2018ರ ಆಗಸ್ಟ್ 31ಕ್ಕೆ. ಹೆಸರು "ವಿ" ಆದದ್ದು ಅದಾದ ಎರಡು ವರ್ಷಕ್ಕೆ, 2020ರ ಸೆಪ್ಟೆಂಬರಿನಲ್ಲಿ. ಟಾಟಾ ಡೊಕೊಮೊ ಏರ್‌ಟೆಲ್‌ಗೆ ಹೋಗುವ ಮಾತು 2017ರ ಅಕ್ಟೋಬರಿನದು, ಅದು ಪೂರ್ತಿಯಾದದ್ದು 2019ರ ಜುಲೈ 1ಕ್ಕೆ. ಸುದ್ದಿ ಬಂದ ದಿನಕ್ಕೂ ನಿಜವಾಗಿ ಕೂಡುವ ದಿನಕ್ಕೂ ಒಂದೂವರೆ ವರ್ಷದ ಅಂತರ ಇರುವುದು ಸಾಮಾನ್ಯ. ಅಷ್ಟರಲ್ಲಿ ಮಾತು ಮುರಿದುಬೀಳಲೂಬಹುದು. 2016ರಲ್ಲಿ ಘೋಷಣೆಯಾದ ರಿಲಯನ್ಸ್ ಕಮ್ಯುನಿಕೇಷನ್ಸ್ ಮತ್ತು ಏರ್‌ಸೆಲ್ ವಿಲೀನ ಮುಂದಿನ ವರ್ಷ ಮುರಿದುಬಿತ್ತು.

ಎರಡನೆಯದು ತರಂಗಾಂತರ ಮಾರಾಟ. ಒಂದು ಕಂಪನಿ ತನ್ನ ಏರ್‌ವೇವ್ ಹಕ್ಕನ್ನು ಮಾತ್ರ ಇನ್ನೊಂದಕ್ಕೆ ಮಾರುತ್ತದೆ. 2016ರಲ್ಲಿ ವಿಡಿಯೊಕಾನ್ ಆರು ವಲಯಗಳ (ಮೊಬೈಲ್ ಸೇವೆಗೆಂದು ದೇಶವನ್ನು ಹಂಚಿದ ಭಾಗಗಳು) ತರಂಗಾಂತರವನ್ನು ಏರ್‌ಟೆಲ್‌ಗೆ ಮಾರಿದ್ದು ಹೀಗೆ. ಹೊಲ ಮಾರಿದರೆ ಅದರಲ್ಲಿ ದುಡಿಯುವ ಆಳು ತಾನಾಗಿ ಕೊಂಡವರ ಮನೆಗೆ ಹೋಗುವುದಿಲ್ಲವಲ್ಲ, ಗಿರಾಕಿಗಳ ಕತೆಯೂ ಅದೇ. ಅವರೇ ದಾರಿ ನೋಡಿಕೊಳ್ಳಬೇಕು.

ಮೂರನೆಯದು ಬಾಗಿಲು ಮುಚ್ಚುವುದು. ರಿಲಯನ್ಸ್ ಕಮ್ಯುನಿಕೇಷನ್ಸ್ 2017ರ ಡಿಸೆಂಬರಿನಲ್ಲಿ 2ಜಿ, 3ಜಿ ಕರೆ ಸೇವೆ ನಿಲ್ಲಿಸಿತು. ಏರ್‌ಸೆಲ್ 2018ರ ಫೆಬ್ರುವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಅವಸರ ಬೇಕಾದದ್ದು ಇಂಥ ಹೊತ್ತಿನಲ್ಲಿ. ಪೋರ್ಟ್ ಮಾಡಲು ನಿಮ್ಮ ಹಳೆ ಸಿಮ್‌ನಿಂದಲೇ ಮೆಸೇಜ್ ಹೋಗಬೇಕು, ಸಿಗ್ನಲ್ ಸತ್ತ ಸಿಮ್‌ನಿಂದ ಅದು ಹೋಗುವುದಿಲ್ಲ. ಸೇವೆ ನಿಲ್ಲಿಸುವ ಕಂಪನಿ ಗಿರಾಕಿಗಳಿಗೆ 30 ದಿನ ಮೊದಲು ತಿಳಿಸಬೇಕು ಎಂಬ ಷರತ್ತು ಲೈಸೆನ್ಸ್‌ನಲ್ಲಿದೆ. ಆ ನೋಟಿಸ್ ಬಂದ ವಾರದಲ್ಲೇ ಪೋರ್ಟ್ ಹಾಕಿ. ಅಲ್ಲಿಯವರೆಗೆ ಊರಿನ ಟವರ್ ಕೈಕೊಡಲು ಶುರುಮಾಡಿದರೆ ನೋಟಿಸಿಗೂ ಕಾಯಬೇಡಿ.

ಬರೀ ವಿಲೀನ ಆದರೆ ನಂಬರು ಎಲ್ಲಿಗೂ ಹೋಗದು ಎನ್ನುವುದಕ್ಕೆ ನಮ್ಮ ಕರ್ನಾಟಕದ ಹಳೇ ನಂಬರುಗಳೇ ಸಾಕ್ಷಿ. 9844ರಿಂದ ಶುರುವಾಗುವವು ಸ್ಪೈಸ್‌ನವು. 2008ರಲ್ಲಿ ಐಡಿಯಾ ಅದನ್ನು ಕೊಂಡಿತು, ಆಮೇಲೆ ವಿ ಆಯಿತು. 9886 ಹಚ್‌ನದು, 2007ರಲ್ಲಿ ವೊಡಾಫೋನ್ ಆಗಿ ಕೊನೆಗೆ ಅದೂ ವಿ ಮನೆ ಸೇರಿತು. ಮೂರು ಹೆಸರು ಕಂಡರೂ ಹತ್ತು ಅಂಕಿ ಅವೇ ಇವೆ.

ಪ್ರಶ್ನೆ: ಕಂಪನಿ ಹೆಸರು ಬದಲಾಗಿ ವರ್ಷಗಳಾದರೂ ನಮ್ಮ ತಾಯಿಯ ಕೀಪ್ಯಾಡ್ ಫೋನಿನ ಪರದೆ ಮೇಲೆ ಹಳೇ ಕಂಪನಿ ಹೆಸರೇ ಬರುತ್ತದೆ. ಸಿಮ್ ಬದಲಿಸದಿದ್ದರೆ ಬಂದ್ ಆಗುತ್ತದೆಯೇ? (ಬಳ್ಳಾರಿ)

ಹೆಸರು ಹಳೆಯದಾಗಿ ಕಾಣುವುದು ದೋಷವಲ್ಲ. ಸಿಮ್‌ನ ಚಿಪ್ಪಿನೊಳಗೆ 15 ಅಂಕಿಯ ಒಂದು ಗುರುತು ಬರೆದಿರುತ್ತದೆ. ನಿಮ್ಮ ಹತ್ತು ಅಂಕಿಯ ನಂಬರಿಗೂ ಅದಕ್ಕೂ ಸಂಬಂಧವಿಲ್ಲ. ಅದರ ಮೊದಲ ಮೂರು ಅಂಕಿ ದೇಶದ್ದು, ಭಾರತಕ್ಕೆ 404 ಅಥವಾ 405. ಮುಂದಿನ ಅಂಕಿಗಳು ಕಂಪನಿಯನ್ನೂ ವಲಯವನ್ನೂ ಹೇಳುತ್ತವೆ. ಕರ್ನಾಟಕದಲ್ಲಿ 404-45 ಏರ್‌ಟೆಲ್, 404-71 ಬಿಎಸ್‌ಎನ್‌ಎಲ್, 404-86 ಹಿಂದಿನ ವೊಡಾಫೋನ್, 404-44 ಹಿಂದಿನ ಸ್ಪೈಸ್ ಹಾಗೂ ಐಡಿಯಾ. ಟವರು "ನಾನು ಇಂಥ ಕೋಡಿನವನು" ಎಂದು ಸದಾ ಸಾರುತ್ತಿರುತ್ತದೆ. ಫೋನು ಅದನ್ನು ಸಿಮ್‌ನಲ್ಲಿರುವುದರ ಜೊತೆ ತಾಳೆ ನೋಡಿ ಸೇರಿಕೊಳ್ಳುತ್ತದೆ. ಕಂಪನಿಗಳು ಕೂಡಿದ ಮೇಲೆ ಒಂದೇ ಟವರು ಎರಡೂ ಕೋಡ್ ಸಾರುವಂತೆ, ಇಲ್ಲವೇ "ಆ ಕೋಡೂ ನಮ್ಮದೇ" ಎಂದು ಫೋನಿಗೆ ಹೇಳುವಂತೆ ಮಾಡುತ್ತಾರೆ. ಆದ್ದರಿಂದ ಹಳೆ ಸಿಮ್ ನಡೆಯುತ್ತಲೇ ಇರುತ್ತದೆ. ಪರದೆಯ ಮೇಲಿನ ಹೆಸರು ಬರುವುದು ಸಿಮ್‌ನೊಳಗಿನ ಒಂದು ಚಿಕ್ಕ ಫೈಲಿನಿಂದ, ಅದಿಲ್ಲದಿದ್ದರೆ ಫೋನ್ ತಯಾರಾದಾಗ ಅದರಲ್ಲಿ ತುಂಬಿದ ಪಟ್ಟಿಯಿಂದ. ತಾಯಿಯ ಫೋನು ಹಳೆಯದಾದರೆ ಪಟ್ಟಿಯೂ ಹಳೆಯದು, ಅಷ್ಟೇ.

ಸಿಮ್ ಬದಲಿಸಬೇಕಾಗಿ ಬರುವುದು ಹಳೆಯ 2ಜಿ, 3ಜಿ ಸಿಮ್ ಇಟ್ಟುಕೊಂಡು 4ಜಿ ಬೇಕೆಂದಾಗ, ಅಥವಾ ಬದಲಿಸಿಕೊಳ್ಳಿ ಎಂದು ಕಂಪನಿಯೇ ಮೆಸೇಜ್ ಕಳಿಸಿದಾಗ. ಕಂಪನಿಯ ಸ್ವಂತ ಮಳಿಗೆಗೆ, ಸಿಮ್ ಯಾರ ಹೆಸರಿನಲ್ಲಿದೆಯೋ ಅವರೇ ಆಧಾರ್ ಹಿಡಿದು ಹೋಗಬೇಕು, ಬೆರಳಚ್ಚು ಕೊಡಬೇಕು. ಇಲ್ಲಿ ಜನ ಎಡವುವುದು ಹೆಸರಿನಲ್ಲಿ. ಎಷ್ಟೋ ಮನೆಗಳಲ್ಲಿ ತಾಯಿಯ ಸಿಮ್ ತೀರಿಹೋದ ತಂದೆಯ ಹೆಸರಿನಲ್ಲೋ, ಊರು ಬಿಟ್ಟುಹೋದ ಅಳಿಯನ ಹೆಸರಿನಲ್ಲೋ ಇರುತ್ತದೆ. ವಿಲೀನದ ಗದ್ದಲ ಏಳುವ ಮೊದಲೇ ಹೆಸರು ಬದಲಾಯಿಸಿ ಇಟ್ಟುಕೊಳ್ಳಿ. ಕೇಂದ್ರ ಸರ್ಕಾರದ ಸಂಚಾರ ಸಾಥಿ ಜಾಲತಾಣದಲ್ಲಿ ಮೊಬೈಲ್ ನಂಬರ್ ಹಾಕಿ ಓಟಿಪಿ ಕೊಟ್ಟರೆ ಅದೇ ಹೆಸರಿನಲ್ಲಿರುವ ಸಂಪರ್ಕಗಳೆಲ್ಲ ಕಾಣುತ್ತವೆ.

ಇನ್ನೊಂದು ಮಾತು, ಇದು ಮುಖ್ಯ. ಕೀಪ್ಯಾಡ್ ಫೋನಿನಲ್ಲಿ ಹಿರಿಯರು ಉಳಿಸಿದ ನಂಬರುಗಳು ಬಹುಪಾಲು ಸಿಮ್‌ನಲ್ಲೇ ಇರುತ್ತವೆ. ಸಿಮ್ ಬದಲಾದರೆ ಅವೂ ಹೋದವು. ಅಂಗಡಿಗೆ ಹೋಗುವ ಮೊದಲೇ ಕಾಂಟ್ಯಾಕ್ಟ್ಸ್‌ನಲ್ಲಿ ಆಪ್ಷನ್ಸ್ ಒತ್ತಿ, ಕಾಪಿ ಆರಿಸಿ, "ಸಿಮ್‌ನಿಂದ ಫೋನ್‌ಗೆ" ಎಂದು ಕೊಡಿ. ನಕಲಾದ ಮೇಲೆ ಸಿಮ್ ತೆಗೆದು ಫೋನ್ ಹಚ್ಚಿ, ಹೆಸರುಗಳು ಕಾಣುತ್ತವೆಯೇ ನೋಡಿ. ಕಂಡರೆ ಮಾತ್ರ ಹೊರಡಿ.

ಪ್ರಶ್ನೆ: ನಮ್ಮೂರಾಗ ಎರಡು ಕಂಪನಿ ಟವರ್ ಇದ್ದುವು. ಎರಡೂ ಒಂದಾದ ಮ್ಯಾಲೆ ಸಿಗ್ನಲ್ ಡಬಲ್ ಆಗಬೇಕಿತ್ತಲ್ರಿ? ಇದ್ದ ಎರಡು ಕಡ್ಡಿನೂ ಹೋದುವು. ಕಂಬ ನೋಡಿದ್ರ ಎರಡೂ ನಿಂತಾವ. (ಯಲಬುರ್ಗಾ ತಾಲ್ಲೂಕು)

ಕಂಬ ನಿಂತಿದ್ದರೆ ಟವರ್ ನಡೆಯುತ್ತಿದೆ ಎಂದು ಅರ್ಥವಲ್ಲ. ಕಂಬವೂ ಅದರ ಕರೆಂಟು, ಬ್ಯಾಟರಿಯೂ ಬಹಳ ಕಡೆ ಬೇರೆಯೇ ಟವರ್ ಕಂಪನಿಯದು. ಮೊಬೈಲ್ ಕಂಪನಿ ಅದರಲ್ಲಿ ಬಾಡಿಗೆಗಿದ್ದು ತನ್ನ ಆಂಟೆನಾ, ರೇಡಿಯೊ ಪೆಟ್ಟಿಗೆ ಹಚ್ಚಿರುತ್ತದೆ. ಎರಡು ಕಂಪನಿ ಒಂದಾದ ಮೇಲೆ ಒಂದೇ ಊರಿಗೆ ಎರಡು ಬಾಡಿಗೆ ಕಟ್ಟುವವರು ಯಾರು? ಒಂದನ್ನು ಬಿಚ್ಚುತ್ತಾರೆ. ಖರ್ಚು ಉಳಿಸಲೆಂದೇ ಕೂಡಿಕೊಂಡವರು ಅವರು.

ಬಿಚ್ಚಿದ್ದು ನಿಮ್ಮ ಮನೆಗೆ ಹತ್ತಿರದ್ದಾದರೆ ಕಡ್ಡಿ ಕಡಿಮೆಯಾಗುತ್ತವೆ. ಇನ್ನೊಂದು ಕಾರಣವೂ ಇರಬಹುದು. 900 ಮೆಗಾಹರ್ಟ್ಸ್ ತರಂಗ ದೂರ ಹೋಗುತ್ತದೆ, ಗೋಡೆಯನ್ನೂ ಒಂದಿಷ್ಟು ದಾಟುತ್ತದೆ. 1800, 2100, 2300 ಹಾಗಲ್ಲ, ಹತ್ತಿರದಲ್ಲಿ ವೇಗ ಕೊಟ್ಟು ದೂರದಲ್ಲಿ ಸೋಲುತ್ತವೆ. ಕಲ್ಲಿನ ಗೋಡೆ, ಮಾಳಿಗೆ ಮನೆಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಆನೆಗುಂದಿ ಕಡೆಯ ಬಂಡೆಗುಡ್ಡಗಳ ಹಿಂದೆ, ಸಂಡೂರಿನ ಕಣಿವೆಗಳಲ್ಲಿ ಇನ್ನೂ ಜಾಸ್ತಿ. ಇದ್ದ ತರಂಗಾಂತರವನ್ನು 2ಜಿ, 3ಜಿಯಿಂದ ಕಿತ್ತು 4ಜಿಗೆ ಹಚ್ಚಿದಾಗ ಹಳೆ ಫೋನಿಗೆ ಕಡ್ಡಿ ಇಳಿದು, ಪಕ್ಕದವರ ಹೊಸ ಫೋನಿಗೆ ಏರಿರುತ್ತದೆ.

ಮೊದಲು ಫೋನಿನ ಸೆಟ್ಟಿಂಗ್ ನೋಡಿ. ನೆಟ್‌ವರ್ಕ್ ಮೋಡ್ "3ಜಿ ಮಾತ್ರ" ಎಂದು ಸಿಕ್ಕಿಕೊಂಡಿದ್ದರೆ 4ಜಿ, 3ಜಿ, 2ಜಿ ಮೂರೂ ತಾನಾಗಿ ಆರಿಸಿಕೊಳ್ಳುವಂತೆ ಇಡಿ. 4ಜಿಯಲ್ಲೇ ಕರೆ ಹೋಗುವಂತೆ ಮಾಡುವ ವೋಲ್ಟೆ ಗುಂಡಿ ಆನ್ ಮಾಡಿ. ಸಿಗ್ನಲ್ ಇದ್ದು ನೆಟ್ ಮಾತ್ರ ಬಾರದಿದ್ದರೆ ಎಪಿಎನ್ (ಫೋನನ್ನು ಕಂಪನಿಯ ನೆಟ್‌ಗೆ ಜೋಡಿಸುವ ಸೆಟ್ಟಿಂಗ್) ರೀಸೆಟ್ ಮಾಡಿ. ಹಳೇ ಕಂಪನಿಯ ಎಪಿಎನ್ ಉಳಿದುಕೊಂಡು ನೆಟ್ ನಿಲ್ಲುವುದು ವಿಲೀನದ ನಂತರ ಕಾಣುವ ಸಾಮಾನ್ಯ ತೊಂದರೆ.

ಇಷ್ಟಾದರೂ ಬಾರದಿದ್ದರೆ 198ಕ್ಕೆ ದೂರು ಕೊಟ್ಟು ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಕಂಪನಿ ಬದಲಿಸುವ ಮನಸ್ಸಿದ್ದರೆ ಜಾಹೀರಾತು ನೋಡಿ ಹೋಗಬೇಡಿ. ಯಾವ ಊರಲ್ಲಿ 2ಜಿ, 4ಜಿ, 5ಜಿ ಸಿಗುತ್ತದೆ ಎನ್ನುವ ನಕ್ಷೆಯನ್ನು ಕಂಪನಿಗಳು ತಮ್ಮ ಜಾಲತಾಣದಲ್ಲಿ ಹಾಕಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಯಮ ಮಾಡಿದೆ, 2025ರಿಂದ ಅವು ನೋಡಲು ಸಿಗುತ್ತವೆ. ನಕ್ಷೆ ಬಯಲಿನ ಲೆಕ್ಕ, ಅಡುಗೆಮನೆಯ ಲೆಕ್ಕವಲ್ಲ. ಅದಕ್ಕೇ ನೆಂಟರ ಸಿಮ್ ಒಂದನ್ನು ನಿಮ್ಮದೇ ಫೋನಿಗೆ ಹಾಕಿ ಮನೆಯೊಳಗೆ, ಹೊಲದಲ್ಲಿ, ರಾತ್ರಿ ಎಂಟು ಗಂಟೆಗೆ ಒಮ್ಮೆ, ಕರೆಂಟು ಹೋದಾಗ ಒಮ್ಮೆ ಕರೆ ಮಾಡಿ ನೋಡಿ. ಬ್ಯಾಟರಿ ಸತ್ತ ಟವರು ಕರೆಂಟಿನ ಜೊತೆಗೇ ಮಲಗುತ್ತದೆ.

ಪ್ರಶ್ನೆ: ಬೋರ್‌ವೆಲ್ ಮೋಟರಿಗೆ, ಫೋನ್ ಮಾಡಿ ಚಾಲೂ ಮಾಡುವ ಮೊಬೈಲ್ ಸ್ಟಾರ್ಟರ್ ಹಚ್ಚಿದ್ದೇನೆ. ಅದರೊಳಗಿನ ಸಿಮ್ ಕಂಪನಿ ವಿಲೀನವಾದರೆ ಅಥವಾ ನಾನು ಪೋರ್ಟ್ ಮಾಡಿಸಿದರೆ ಸ್ಟಾರ್ಟರ್ ನಡೆಯುತ್ತದೆಯೇ? (ಕುಷ್ಟಗಿ)

ಒಳ್ಳೆಯ ಪ್ರಶ್ನೆ. ಕೈಯಲ್ಲಿರುವ ಫೋನಿನ ಸಿಮ್ ಬಗ್ಗೆ ಎಲ್ಲರೂ ಯೋಚಿಸುತ್ತಾರೆ, ಹೊಲದ ಪೆಟ್ಟಿಗೆಯಲ್ಲಿರುವುದು ಮರೆತೇಹೋಗಿರುತ್ತದೆ.

ನಮ್ಮ ಕಡೆ ಇರುವ ಹಳೆಯ ಮೊಬೈಲ್ ಸ್ಟಾರ್ಟರ್‌ಗಳಲ್ಲಿ ಹೆಚ್ಚಿನವುಗಳ ಒಳಗಿರುವುದು 2ಜಿ ಮಾಡ್ಯೂಲ್. ಕಂಪನಿ ಯಾವುದೇ ಆಗಲಿ, ಆ ಹೊಲದಲ್ಲಿ 2ಜಿ ಸಿಗ್ನಲ್ ಇರುವವರೆಗೆ ಅದು ನಡೆಯುತ್ತದೆ. ಜಿಯೋಗೆ 2ಜಿ ಜಾಲವೇ ಇಲ್ಲ. 2ಜಿ ಸ್ಟಾರ್ಟರಿನ ಸಿಮ್ಮನ್ನು ಜಿಯೋಗೆ ಪೋರ್ಟ್ ಮಾಡಿಸಿದರೆ ಅಂದಿಗೆ ಮೋಟರ್ ಮಾತು ಕೇಳುವುದು ನಿಲ್ಲುತ್ತದೆ. ಜಿಯೋದಲ್ಲಿ ತಪ್ಪಿಲ್ಲ, ಆ ಪೆಟ್ಟಿಗೆಗೆ 4ಜಿ ಭಾಷೆ ಬರುವುದಿಲ್ಲ ಅಷ್ಟೇ. ಪೆಟ್ಟಿಗೆಯ ಲೇಬಲ್ ಮೇಲೆ 4ಜಿ ಎಂದು ಬರೆದಿದ್ದರೆ ಮಾತ್ರ ಅಡ್ಡಿಯಿಲ್ಲ. ಹೊಸದಾಗಿ ಕೊಳ್ಳುವವರು 4ಜಿ ಮಾಡ್ಯೂಲಿನದನ್ನೇ ಕೇಳಿ ಕೊಳ್ಳುವುದು ಲೇಸು.

ಪೋರ್ಟ್ ಮಾಡಿಸುವುದಾದರೆ ಕೆಲಸ ಹೀಗೆ ಸಾಗಲಿ. ಮೊದಲು ಮೇನ್ ಬಂದ್ ಮಾಡಿ, ಫ್ಯೂಜ್ ಕಿತ್ತಿಡಿ. ಅದು ತ್ರೀ ಫೇಸ್ ಪೆಟ್ಟಿಗೆ, ಸಿಮ್ ತೆಗೆಯುವ ಅವಸರದಲ್ಲಿ ಟರ್ಮಿನಲ್ ಮುಟ್ಟಿದವರಿದ್ದಾರೆ. ಸಿಮ್ ತೆಗೆದು ಕೀಪ್ಯಾಡ್ ಫೋನಿಗೆ ಹಾಕಿ, ಅದರಿಂದಲೇ ಪೋರ್ಟ್ ಮೆಸೇಜ್ ಕಳಿಸಿ. ಸಿಮ್‌ನ ಫೋನ್‌ಬುಕ್ ತೆರೆದು ನೋಡಿ. ಕೆಲವು ಸ್ಟಾರ್ಟರ್‌ಗಳು ಯಜಮಾನನ ನಂಬರನ್ನು ತಮ್ಮ ನೆನಪಿನಲ್ಲಿಡದೆ ಸಿಮ್‌ನಲ್ಲೇ ಇಟ್ಟಿರುತ್ತವೆ. ಹಾಗಿದ್ದರೆ ಆ ಹೆಸರು, ಆ ನಂಬರು, ಅಕ್ಷರ ಬಿಡದೆ ಬರೆದುಕೊಂಡು ಹೊಸ ಸಿಮ್‌ನಲ್ಲೂ ಹಾಗೇ ಉಳಿಸಬೇಕು. ಹೊಸ ಸಿಮ್‌ಗೆ ಪಿನ್ ಲಾಕ್ ಇದ್ದರೆ ಫೋನಿನಲ್ಲೇ ತೆಗೆದುಹಾಕಿ, ಪಿನ್ ಒತ್ತಲು ಸ್ಟಾರ್ಟರಿಗೆ ಕೈಯಿಲ್ಲ. ಸ್ಲಾಟ್ ದೊಡ್ಡದಾಗಿದ್ದರೆ ಸಿಮ್ ಜೊತೆ ಬಂದ ಪ್ಲಾಸ್ಟಿಕ್ ಚೌಕಟ್ಟನ್ನು ಮುರಿಯದೆ ಸ್ಲಾಟಿನ ಅಳತೆಗೇ ಬಿಡಿಸಿ ಹಾಕಿ. ನ್ಯಾನೊ ಮಾಡಿ ಆಮೇಲೆ ಅಂಟು ಹಚ್ಚಿ ಕೂಡಿಸಿದರೆ ಮೋಟರಿನ ಅದುರಿಗೆ ಸಿಮ್ ಸರಿಯುತ್ತದೆ.

ಫ್ಯೂಜ್ ಹಾಕಿದ ಮೇಲೆ ಮಾಡ್ಯೂಲಿನ ಚಿಕ್ಕ ದೀಪ ನೋಡಿ. ಬಹಳಷ್ಟು 2ಜಿ ಮಾಡ್ಯೂಲ್‌ಗಳಲ್ಲಿ ಅದು ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ಮಿಣುಕಿದರೆ ನೆಟ್‌ವರ್ಕ್ ಹುಡುಕುತ್ತಿದೆ ಎಂದು, ಮೂರು ಸೆಕೆಂಡಿಗೊಮ್ಮೆ ಮಿಣುಕಿದರೆ ಸಿಕ್ಕಿದೆ ಎಂದು. ಐದು ನಿಮಿಷವಾದರೂ ಬೇಗಬೇಗ ಮಿಣುಕುತ್ತಲೇ ಇದ್ದರೆ ಆಂಟೆನಾ ತಿರುಪು ಬಿಗಿ ಮಾಡಿ. ಅದಕ್ಕೂ ಆಗದಿದ್ದರೆ ಆ ಕಂಪನಿಯ 2ಜಿ ಅಲ್ಲಿ ಇಲ್ಲ.

ರೀಚಾರ್ಜ್ ವಿಷಯ. ವ್ಯಾಲಿಡಿಟಿ ಮುಗಿದರೆ ಒಳಬರುವ ಕರೆಯೂ ನಿಲ್ಲುತ್ತದೆ, ಮಿಸ್ಡ್ ಕಾಲ್ ಕೊಟ್ಟರೆ ಮೋಟರ್ ಏಳುವುದಿಲ್ಲ. ಡೇಟಾ ಇಲ್ಲದ, ಕರೆ ಮತ್ತು ಎಸ್‌ಎಂಎಸ್ ಮಾತ್ರದ ವೋಚರ್ ಇಡಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ಕಂಪನಿಗಳಿಗೆ ಹೇಳಿತು, ಅಂಥ ವೋಚರಿನ ಅವಧಿಯ ಮಿತಿಯನ್ನು 90 ದಿನದಿಂದ 365 ದಿನಕ್ಕೆ ಏರಿಸಿತು. ಸ್ಟಾರ್ಟರಿಗೂ ಅಜ್ಜಿಯ ಫೋನಿಗೂ ಅದನ್ನೇ ಕೇಳಿ. ಅಂಗಡಿಯವರು ತಾವಾಗಿ ಹೇಳುವುದು ಅಪರೂಪ.

ಪ್ರಶ್ನೆ: ಪೋರ್ಟ್ ಮಾಡಿಸಲು ಹೋದರೆ ಎರಡು ಸಲ ತಿರಸ್ಕಾರವಾಯಿತು. ಕ್ರಮವನ್ನು ಸರಿಯಾಗಿ ತಿಳಿಸಿ. (ಮಾನ್ವಿ)

ಹಳೆ ಸಿಮ್‌ನಿಂದ 1900ಕ್ಕೆ ಮೆಸೇಜ್: ಪೋರ್ಟ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ, ಒಂದು ಜಾಗ ಬಿಟ್ಟು, ನಿಮ್ಮ ಹತ್ತು ಅಂಕಿ. ಪ್ಯಾಕ್ ಮುಗಿದಿದ್ದರೂ, ಪ್ಯಾಕ್‌ನಲ್ಲಿ ಎಸ್‌ಎಂಎಸ್ ಇಲ್ಲದಿದ್ದರೂ ಈ ಮೆಸೇಜ್ ಹೋಗಲು ಬಿಡಬೇಕೆಂದು ಟ್ರಾಯ್ 2021ರ ಡಿಸೆಂಬರಿನಲ್ಲಿ ಆದೇಶಿಸಿದೆ. "ಮೊದಲು ದೊಡ್ಡ ರೀಚಾರ್ಜ್ ಮಾಡಿಸಿ" ಎಂದರೆ ನಂಬಬೇಡಿ. 1901ರಿಂದ ಯುಪಿಸಿ ಎಂಬ, ಅಕ್ಷರ ಮತ್ತು ಅಂಕಿ ಸೇರಿ ಎಂಟರ ಪೋರ್ಟ್ ಕೋಡ್ ಬರುತ್ತದೆ. ಕರ್ನಾಟಕದಲ್ಲಿ ಅದರ ಆಯುಷ್ಯ ನಾಲ್ಕು ದಿನ. ಅಷ್ಟರೊಳಗೆ ಹೊಸ ಕಂಪನಿಯ ಅಂಗಡಿಯಲ್ಲಿ ಕೋಡ್, ಆಧಾರ್ ಕೊಟ್ಟು ಹೊಸ ಸಿಮ್ ತೆಗೆದುಕೊಳ್ಳಬೇಕು. ರಾಜ್ಯದೊಳಗಿನದು ಮೂರು ಕೆಲಸದ ದಿನಗಳಲ್ಲಿ ಆಗುತ್ತದೆ, ಬೇರೆ ವಲಯದ ನಂಬರು ಅಥವಾ ನೀವು ಕೆಲಸ ಮಾಡುವ ಸಂಸ್ಥೆಯ ಹೆಸರಿನ ಸಂಪರ್ಕವಾದರೆ ಐದು ದಿನ. ಹಳೆ ಸಿಮ್ ಸಿಗ್ನಲ್ ಕಳೆದುಕೊಂಡಾಗ ಹೊಸದನ್ನು ಹಾಕಿ. ಅಲ್ಲಿಯವರೆಗೆ ಹಳೆಯದನ್ನು ತೆಗೆಯಬೇಡಿ. ಮನಸ್ಸು ಬದಲಾದರೆ ಅರ್ಜಿ ಕೊಟ್ಟ 24 ಗಂಟೆಯೊಳಗೆ ಕ್ಯಾನ್ಸಲ್ ಎಂದು ಇಂಗ್ಲಿಷಿನಲ್ಲಿ ಬರೆದು ನಂಬರ್ ಸೇರಿಸಿ 1900ಕ್ಕೇ ಕಳಿಸಬಹುದು.

2019ರ ಡಿಸೆಂಬರಿನ ನಿಯಮದ ನಂತರ ಅರ್ಹತೆ ಇಲ್ಲದಿದ್ದರೆ ಕೋಡೇ ಬರುವುದಿಲ್ಲ, ಕಾರಣ ಬರೆದ ಮೆಸೇಜ್ ಬರುತ್ತದೆ. ಅದನ್ನು ಓದಿ. ಹೆಚ್ಚಾಗಿ ಕಾರಣ ಇವುಗಳಲ್ಲೊಂದು: ಸಿಮ್ ಪಡೆದು ಅಥವಾ ಹಿಂದಿನ ಸಲ ಪೋರ್ಟ್ ಆಗಿ 90 ದಿನ ತುಂಬಿಲ್ಲ, ಪೋಸ್ಟ್‌ಪೇಯ್ಡ್ ಬಿಲ್ ಬಾಕಿ ಇದೆ, ಮಾಲೀಕರ ಹೆಸರು ಬದಲಾವಣೆ ನಡೆಯುತ್ತಿದೆ, ಸಂಸ್ಥೆಯ ಹೆಸರಿನ ಸಿಮ್‌ಗೆ ಅದರ ಒಪ್ಪಿಗೆ ಪತ್ರವಿಲ್ಲ. 2024ರ ಜುಲೈ 1ರಿಂದ ಇನ್ನೊಂದು ಸೇರಿದೆ. ಕಳೆದುಹೋದ ಅಥವಾ ಕೆಟ್ಟ ಸಿಮ್ ಬದಲಿಸಿದ್ದರೆ ಏಳು ದಿನ ಕೋಡ್ ಸಿಗುವುದಿಲ್ಲ. ಕಳ್ಳರು ನಕಲಿ ಸಿಮ್ ತೆಗೆದು ಕೂಡಲೇ ಪೋರ್ಟ್ ಮಾಡಿಕೊಂಡು ಓಡುವುದನ್ನು ತಡೆಯಲು ಈ ಬೇಲಿ. ಒಂದೇ ವಾರದಲ್ಲಿ ಸಿಮ್ಮೂ ಬದಲಿಸಿ ಪೋರ್ಟೂ ಹಾಕಿದ್ದರೆ ನಿಮ್ಮ ತಿರಸ್ಕಾರಕ್ಕೆ ಕಾರಣ ಇದೇ ಇದ್ದೀತು.

ಪ್ರಶ್ನೆ: ವರ್ಷದ ಪ್ಯಾಕ್ ಹಾಕಿಸಿದ್ದೇನೆ, ಇನ್ನೂ ಏಳು ತಿಂಗಳಿದೆ. ವಿಲೀನವಾದರೆ ಹೊಸ ಕಂಪನಿ ಅದನ್ನು ಒಪ್ಪುತ್ತದೆಯೇ? ದರ ಏರಿಸಬಹುದೇ? (ಗಂಗಾವತಿ)

ವಿಲೀನದಲ್ಲಿ ಒಪ್ಪಲೇಬೇಕು, ಹಣ ಪಡೆದ ಅವಧಿ ಮುಗಿಯುವವರೆಗೆ ಅದೇ ಪ್ಯಾಕ್. ಟ್ರಾಯ್ ದರ ನಿಯಮದ ಪ್ರಕಾರ ಒಂದು ಪ್ಲಾನ್‌ಗೆ ಸೇರಿದ ಮೇಲೆ ಆರು ತಿಂಗಳು ಗಿರಾಕಿಗೆ ನಷ್ಟವಾಗುವಂತೆ ಬದಲಿಸುವಂತಿಲ್ಲ. ಆದರೆ 28 ದಿನದ ಪ್ಯಾಕ್‌ಗೆ ರಕ್ಷಣೆ 28 ದಿನದ್ದು, ಮುಂದಿನ ರೀಚಾರ್ಜ್ ಹೊಸ ದರಕ್ಕೆ. ದರ ಇಷ್ಟೇ ಇರಬೇಕೆಂದು ಟ್ರಾಯ್ ಕಟ್ಟಿಹಾಕುವುದಿಲ್ಲ. ಮೂರೂ ಖಾಸಗಿ ಕಂಪನಿಗಳು 2024ರ ಜುಲೈ 3 ಮತ್ತು 4ರಂದು ಒಂದರ ಹಿಂದೆ ಒಂದು ದರ ಏರಿಸಿದ್ದು ನಿಮಗೆ ನೆನಪಿರಬಹುದು. ಸಂತೆಯಲ್ಲಿ ಅಂಗಡಿ ಕಡಿಮೆಯಾದಷ್ಟೂ ಚೌಕಾಸಿ ಕಡಿಮೆ.

ಪೋರ್ಟ್ ಮಾಡಿದರೆ ಮಾತ್ರ ಉಳಿದ ಏಳು ತಿಂಗಳೂ, ಉಳಿದ ಬ್ಯಾಲೆನ್ಸೂ ಹೋದ ಹಾಗೆಯೇ. ಅದು ವರ್ಗವಾಗುವುದಿಲ್ಲ. ವಿಲೀನದ ಸುದ್ದಿ ಕೇಳಿ ಗಾಬರಿಯಿಂದ ಪೋರ್ಟ್ ಮಾಡಿದವರು ಕಳೆದುಕೊಳ್ಳುವುದು ಇದನ್ನೇ. ಕಂಪನಿ ತೂಗುಯ್ಯಾಲೆಯಲ್ಲಿದೆ ಎನಿಸಿದರೆ ಮುಂದಿನ ಸಲ ವರ್ಷದ್ದು ಬಿಟ್ಟು ತಿಂಗಳದ್ದು ಹಾಕಿಸಿ.

ಪ್ರಶ್ನೆ: "ನಿಮ್ಮ ಕಂಪನಿ ವಿಲೀನವಾಗಿದೆ, 24 ಗಂಟೆಯಲ್ಲಿ ಸಿಮ್ ಬಂದ್, ಸಿಮ್ ಹಿಂದಿರುವ ನಂಬರ್ ಹೇಳಿ" ಎಂದು ಕರೆ ಬಂತು. ನಿಜವೇ? (ಸಿರುಗುಪ್ಪ)

ಮೋಸ. ಸಿಮ್ ಹಿಂದೆ ಅಚ್ಚಾಗಿರುವ, 8991ರಿಂದ ಶುರುವಾಗುವ ಉದ್ದ ಸಂಖ್ಯೆಯನ್ನು ಫೋನಿನಲ್ಲಿ ಕೇಳುವವರು ನಿಮ್ಮ ನಂಬರನ್ನು ತಮ್ಮ ಸಿಮ್‌ಗೆ ಎಳೆದುಕೊಳ್ಳಲು ನೋಡುತ್ತಿರುತ್ತಾರೆ. "1 ಒತ್ತಿ", "ಈ ಮೆಸೇಜನ್ನು ಮುಂದೆ ಕಳಿಸಿ" ಎನ್ನುವುದೂ ಅದಕ್ಕೇ. ನಕ್ಷತ್ರ 21 ನಕ್ಷತ್ರ ಎಂದು ಶುರುವಾಗುವ ಕೋಡ್ ಒತ್ತಿಸಿದರೆ ನಿಮ್ಮ ಕರೆಗಳು ಅವರ ಫೋನಿಗೆ ತಿರುಗುತ್ತವೆ. ಒತ್ತಿಬಿಟ್ಟಿದ್ದರೆ ##002# ಒತ್ತಿ ರದ್ದು ಮಾಡಿ.

ಇದ್ದಕ್ಕಿದ್ದಂತೆ ಸಿಗ್ನಲ್ ಹೋಗಿ, ಅಕ್ಕಪಕ್ಕದವರ ಅದೇ ಕಂಪನಿಯ ಫೋನಿಗೆ ಸಿಗ್ನಲ್ ಇದ್ದರೆ ಕಾಯಬೇಡಿ. ಬೇರೆ ಫೋನಿನಿಂದ ಮೊದಲು ಬ್ಯಾಂಕಿಗೆ, ನಂತರ ಕಂಪನಿಗೆ ಕರೆ ಮಾಡಿ. ಹಣ ಹೋಗಿದ್ದರೆ 1930ಕ್ಕೆ ಕೂಡಲೇ. ಅಂದಹಾಗೆ, ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ತಡೆಹಿಡಿಯುವ ವ್ಯವಸ್ಥೆ ಇದೆ. ನೀವೇ ಸಿಮ್ ಬದಲಿಸಿದ ದಿನ ಓಟಿಪಿ ಬಾರದಿದ್ದರೆ ಗಾಬರಿಯಾಗಬೇಡಿ.

ಪ್ರಶ್ನೆ: ಹಿಂದೆ ಮುಚ್ಚಿಹೋದ ಕಂಪನಿಯ ಸಿಮ್ಮನ್ನು ಸಮಯಕ್ಕೆ ಪೋರ್ಟ್ ಮಾಡಿಸಲಿಲ್ಲ. ಆಧಾರ್, ಬ್ಯಾಂಕ್ ಎರಡಕ್ಕೂ ಅದೇ ನಂಬರ್ ಕೊಟ್ಟಿತ್ತು. (ದೇವದುರ್ಗ)

ಆ ನಂಬರಿನ ಆಸೆ ಬಿಡಿ. ನಿಂತ ನಂಬರನ್ನು 90 ದಿನಗಳ ನಂತರ ಬೇರೆಯವರಿಗೆ ಕೊಡಬಹುದು. ನಿಮ್ಮ ಓಟಿಪಿ ಇನ್ನೊಬ್ಬರ ಕೈಗೆ ಹೋಗುವ ಅಪಾಯ ಅದರಲ್ಲಿದೆ. ಮೊದಲು ಬ್ಯಾಂಕ್ ಶಾಖೆಗೆ ಪಾಸ್‌ಬುಕ್, ಆಧಾರ್ ಹಿಡಿದು ಹೋಗಿ ನಂಬರ್ ಬದಲಿಸಿ, ಹಳೆ ನಂಬರಿನ ಯುಪಿಐ ತೆಗೆಸಿ. ಆಧಾರ್‌ನಲ್ಲಿ ಮೊಬೈಲ್ ನಂಬರ್ ಬದಲಿಸಲು ಆಧಾರ್ ಕೇಂದ್ರಕ್ಕೆ ಹೋಗಬಹುದು, ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಅಂಚೆಯಣ್ಣನೂ ಮಾಡಿಕೊಡುತ್ತಾರೆ. 2025ರ ಅಕ್ಟೋಬರಿನಿಂದ ಶುಲ್ಕ 75 ರೂಪಾಯಿ. ಕಾಗದಪತ್ರ ಬೇಕಿಲ್ಲ, ಬೆರಳಚ್ಚು ಸಾಕು. ವಾಟ್ಸಾಪ್ ಆ ಹಳೆ ನಂಬರಿನಲ್ಲೇ ನಡೆಯುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ನಂಬರ್ ಬದಲಿಸುವ ಆಯ್ಕೆ ಬಳಸಿ ಹೊಸದಕ್ಕೆ ಸಾಗಿಸಿ.

ಪ್ರಶ್ನೆ: ನನ್ನ ಪೋಸ್ಟ್‌ಪೇಯ್ಡ್ ಕಂಪನಿ ಬದಲಾದ ತಿಂಗಳು ಎರಡು ಬಿಲ್ ಬಂದವು. ಒಂದು ಬ್ಯಾಂಕಿನಿಂದ ತಾನಾಗಿ ಕಡಿತವಾಯಿತು, ಇನ್ನೊಂದು ಬಾಕಿ ಎಂದು ತೋರಿಸುತ್ತಿದೆ. ಕಟ್ಟಿಟ್ಟ ಠೇವಣಿ ಯಾರು ಕೊಡುತ್ತಾರೆ? (ರಾಯಚೂರು)

ಬಿಲ್ಲಿಂಗ್ ವ್ಯವಸ್ಥೆ ಸ್ಥಳಾಂತರವಾದಾಗ ಗಿರಾಕಿಯ ಖಾತೆ ಸಂಖ್ಯೆ ಬದಲಾಗುತ್ತದೆ. ಬ್ಯಾಂಕಿನ ಆಟೋ ಪೇ ಹಳೇ ಸಂಖ್ಯೆಗೆ ಹಣ ಕಳಿಸುತ್ತಲೇ ಇರುತ್ತದೆ, ಹೊಸ ಖಾತೆ ಬಾಕಿ ತೋರಿಸುತ್ತದೆ. ಎರಡೂ ಬಿಲ್ಲಿನ ಅವಧಿಯ ತಾರೀಕು ನೋಡಿ. ದಿನಗಳು ಒಂದರ ಮೇಲೊಂದು ಬಿದ್ದಿದ್ದರೆ ಅದು ಎರಡು ಸಲದ ವಸೂಲಿ. ಬಿಲ್ಲಿಂಗ್ ದಿನ ಬದಲಾಗಿ ಅರ್ಧ ತಿಂಗಳಿನ ತುಂಡು ಬಿಲ್ ಬಂದಿದ್ದರೆ ಅದು ಸರಿಯೇ. ಹಳೇ ಆಟೋ ಪೇ ರದ್ದು ಮಾಡಿ ಹೊಸ ಸಂಖ್ಯೆಗೆ ಹೊಸದಾಗಿ ಹಾಕಿ. ಠೇವಣಿಯ ಹೊಣೆ ವಿಲೀನವಾದ ಹೊಸ ಕಂಪನಿಯದೇ, ರಸೀದಿ ಹಳೇ ಹೆಸರಿನದಾದರೂ. ಜಗಳವಿದೆ ಎಂದು ಬಿಲ್ ಬಿಟ್ಟು ಪೋರ್ಟ್ ಆಗಿ ಓಡಬೇಡಿ. ಹಳೇ ಕಂಪನಿ ಬಾಕಿ ತೋರಿಸಿದರೆ ಹೊಸ ಕಂಪನಿಯಲ್ಲೂ ನಂಬರ್ ಬಂದ್ ಆಗುತ್ತದೆ.

ದೂರು 198ಕ್ಕೆ, ದೂರಿನ ಸಂಖ್ಯೆ ಪಡೆದುಕೊಳ್ಳಿ. ಬಗೆಹರಿಯದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ. ಶುಲ್ಕವಿಲ್ಲ, 39 ದಿನದಲ್ಲಿ ಇತ್ಯರ್ಥ ಮಾಡಬೇಕು. ಟ್ರಾಯ್‌ಗೆ ಬರೆದು ಕಾಯುವವರು ಬಹಳ, ಅದು ವ್ಯಕ್ತಿಗಳ ದೂರು ವಿಚಾರಿಸುವುದಿಲ್ಲ. ಜಿಲ್ಲಾ ಗ್ರಾಹಕ ಆಯೋಗ ವಿಚಾರಿಸುತ್ತದೆ. ಟೆಲಿಕಾಂ ದೂರು ಗ್ರಾಹಕ ನ್ಯಾಯಾಲಯಕ್ಕೆ ಬರುವುದಿಲ್ಲ ಎಂಬ ಕಂಪನಿ ವಾದವನ್ನು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿ 16ರಂದು ತಳ್ಳಿಹಾಕಿದೆ. ನೀವು ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಆಯೋಗದಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಎರಡೂ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್, ದೂರಿನ ಸಂಖ್ಯೆ ಬಂದ ಮೆಸೇಜಿನ ಚಿತ್ರ, ಇಷ್ಟು ಜೋಡಿಸಿ. ಗಡುವು ಎರಡು ವರ್ಷ.

ಪ್ರಶ್ನೆ: ರೀಚಾರ್ಜ್ ಅಂಗಡಿ ನನ್ನದು. ವಿಲೀನವಾದರೆ ಲಾಪು ಬ್ಯಾಲೆನ್ಸ್ (ಗಿರಾಕಿಗಳಿಗೆ ರೀಚಾರ್ಜ್ ಮಾಡಲು ಅಂಗಡಿಯ ಸಿಮ್‌ನಲ್ಲಿ ತುಂಬಿಸಿಟ್ಟ ಹಣ) ಏನಾಗುತ್ತದೆ? (ಕಾರಟಗಿ)

ಹೊಸ ಲಾಪು ಸಿಮ್‌ಗೆ ವರ್ಗವಾಗುವುದು ರೂಢಿ, ಆದರೆ ನಡುವಿನ ದಿನಗಳಲ್ಲಿ ಡಿಸ್ಟ್ರಿಬ್ಯೂಟರ್ ಬದಲಾದರೆ ಹಣ ಸಿಕ್ಕಿಹಾಕಿಕೊಳ್ಳುತ್ತದೆ. ತಾರೀಕು ಗೊತ್ತಾದ ಕೂಡಲೇ ದಿನದ ವ್ಯಾಪಾರಕ್ಕೆ ಬೇಕಾದಷ್ಟೇ ತುಂಬಿಸಿ, ಬದಲಾವಣೆಯ ಹಿಂದಿನ ರಾತ್ರಿ ಬ್ಯಾಲೆನ್ಸ್ ತೋರಿಸುವ ಪರದೆಯ ಚಿತ್ರ ತೆಗೆದಿಡಿ. ಬರಬೇಕಾದ ಕಮಿಷನ್, ಸ್ಕೀಮ್ ಹಣವನ್ನು ಹಳೇ ಡಿಸ್ಟ್ರಿಬ್ಯೂಟರಿಂದ ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತಿನ ಬಾಕಿ ಹೊಸಬರಿಗೆ ಗೊತ್ತಿರುವುದಿಲ್ಲ.

ಪ್ರಶ್ನೆ: ಕೃಷ್ಣಾ ನದಿ ಆಚೆಯ ನಮ್ಮ ನೆಂಟರಿಗೆ ಒಂದು ವಿಲೀನದಲ್ಲಿ ಕಂಪನಿ ಬದಲಾಯಿತು, ನಮಗೆ ಆಗಲಿಲ್ಲ. ಯಾಕೆ? (ಶಕ್ತಿನಗರ)

ಸೇವೆಯ ಲೆಕ್ಕ ವಲಯದ ಮೇಲೆ. ಬೀದರ್‌ನಿಂದ ಚಾಮರಾಜನಗರದವರೆಗೆ ಕರ್ನಾಟಕ ಒಂದು ವಲಯ, ಆಂಧ್ರ ಮತ್ತು ತೆಲಂಗಾಣ ಸೇರಿ ಇನ್ನೊಂದು. 2018ರ ಮೇ ತಿಂಗಳಲ್ಲಿ ಟೆಲಿನಾರ್ ಏರ್‌ಟೆಲ್ ಜೊತೆ ಸೇರಿದಾಗ ಅದು ಆಂಧ್ರ ವಲಯದಲ್ಲಿತ್ತು, ಕರ್ನಾಟಕದಲ್ಲಿ ಆಗ ಇರಲಿಲ್ಲ. ನದಿ ದಂಡೆಯಲ್ಲಿ ನಿಮ್ಮ ಫೋನು ಆಚೆಯ ಟವರ್ ಹಿಡಿದು ರೋಮಿಂಗ್ ಎಂದು ತೋರಿಸಿದರೆ ಡೇಟಾ ರೋಮಿಂಗ್ ಗುಂಡಿ ಆನ್ ಇಡಿ, ಇಲ್ಲದಿದ್ದರೆ ಕರೆ ಹೋಗುತ್ತದೆ, ನೆಟ್ ಬರುವುದಿಲ್ಲ.